ನೊಂದ ವಿದ್ಯಾರ್ಥಿಯನ್ನು ಗುರುತಿಸುವುದು, ಜೊತೆಗೆ ನಿಲ್ಲುವುದು: ಕಾಲೇಜು ಸಿಬ್ಬಂದಿಗೆ ಹಂತ ಹಂತದ ಮಾರ್ಗದರ್ಶಿ

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಒಬ್ಬ ಹುಡುಗನ ಕಷ್ಟವನ್ನು ಮೊದಲು ಗುರುತಿಸಿದ್ದು ನಾನಲ್ಲ, ಲೈಬ್ರರಿಯ ಅಟೆಂಡರ್. ತರಗತಿ ಇಲ್ಲದ ಹೊತ್ತೆಲ್ಲ ಆ ಹುಡುಗ ಒಂದೇ ಮೂಲೆಯಲ್ಲಿ ಕೂರುತ್ತಿದ್ದ. ಮುಂದೆ ಪುಸ್ತಕ ತೆರೆದಿರುತ್ತಿತ್ತು. "ಸರ್, ಮೂರು ದಿನದಿಂದ ಅವನು ಹಾಳೆನೇ ತಿರುಗಿಸಿಲ್ಲ" ಎಂದು ಅವರು ಬಂದು ಹೇಳಿದರು. ಅದೇ ಹುಡುಗ ನನ್ನ ತರಗತಿಯಲ್ಲೂ ಇದ್ದ. ಹಾಜರಾತಿ ಕೂಗಿದಾಗ "ಎಸ್ ಸರ್" ಅನ್ನುತ್ತಿದ್ದ. ನಾನು ಟಿಕ್ ಹಾಕಿ ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ಅವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಇದು ಕೌನ್ಸೆಲರ್ ಒಬ್ಬರ ಕೆಲಸ ಅಲ್ಲ. ಪಾಠ ಮಾಡುವವರು, ಕಚೇರಿಯ ಗುಮಾಸ್ತರು, ಹಾಸ್ಟೆಲ್ ವಾರ್ಡನ್, ಲ್ಯಾಬ್ ಸಹಾಯಕರು, ಗೇಟಿನ ಕಾವಲುಗಾರರು, ಎಲ್ಲರ ಕಣ್ಣಿಗೂ ಬೇರೆ ಬೇರೆ ತುಣುಕು ಬೀಳುತ್ತದೆ. ಹಾಗಂತ ಯಾರೂ ಚಿಕಿತ್ಸೆ ಕೊಡಬೇಕಿಲ್ಲ. ನಾವು ಮಾಡಬೇಕಾದ್ದು ಮೂರೇ: ಗಮನಿಸುವುದು, ನೇರವಾಗಿ ಕೇಳುವುದು, ಸರಿಯಾದ ಸಹಾಯದ ತನಕ ಜೊತೆಗೆ ನಡೆದು ಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಇದನ್ನೇ ನೋಡಿ, ಆಲಿಸಿ, ಜೋಡಿಸಿ ಎಂಬ ಮೂರು ಮಾತಿನಲ್ಲಿ ಹೇಳುತ್ತದೆ.

ಕಾಲೇಜಿನ ವಯಸ್ಸಿಗೆ ಈ ವಿಷಯದಲ್ಲಿ ವಿಶೇಷ ತೂಕ ಇದೆ. ಅಮೆರಿಕದಲ್ಲಿ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜೀವನದಲ್ಲಿ ಎಂದಾದರೂ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೇ ಶುರುವಾಗುತ್ತವೆ. ಮುಕ್ಕಾಲು ಪಾಲು 24ರೊಳಗೆ. ಅಂದರೆ ಎಷ್ಟೋ ಜನರಿಗೆ ಮೊದಲ ಸಲ ಕಷ್ಟ ಕಾಣಿಸಿಕೊಳ್ಳುವುದು ನಮ್ಮ ಕಣ್ಣೆದುರಿಗೇ. ತನಗೆ ಆಗುತ್ತಿರುವುದು ಏನು ಅಂತ ಆ ವಿದ್ಯಾರ್ಥಿಗೂ ಗೊತ್ತಿರುವುದಿಲ್ಲ. ಸೋಮಾರಿತನ ಇರಬೇಕು, ನನ್ನದೇ ತಪ್ಪಿರಬೇಕು ಅಂತ ಅಂದುಕೊಂಡಿರುತ್ತಾರೆ.

ಹಂತ 1: ಮೊದಲೇ ಒಂದು ಹಾಳೆ ಸಿದ್ಧ ಮಾಡಿಟ್ಟುಕೊಳ್ಳಿ

ಕಷ್ಟದ ಗಳಿಗೆಯಲ್ಲಿ ನಂಬರ್ ಹುಡುಕುತ್ತಾ ಕೂರುವಂತಾಗಬಾರದು. ಕಾಲೇಜಿನ ಕೌನ್ಸೆಲರ್, ಅವರು ಸಿಗುವ ಹೊತ್ತು, ಅವರು ರಜೆಯಲ್ಲಿದ್ದರೆ ಯಾರು, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ, ನಿಮ್ಮಲ್ಲಿ ನಡೆಯುತ್ತಿರುವ ಸಹಾಯವಾಣಿ, ವಾರ್ಡನ್, ಪ್ರಿನ್ಸಿಪಾಲ್. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಡ್ರಾಯರ್‌ನಲ್ಲಿ ಇಡಿ. ಫೋನಿನಲ್ಲೂ ಇರಲಿ. ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಒಂದೊಂದು ನಂಬರಿಗೂ ಕರೆ ಮಾಡಿ ಪರೀಕ್ಷಿಸಿ. ಯಾರೂ ಎತ್ತದ ನಂಬರ್ ಇದ್ದರೆ ಅದನ್ನು ಈಗಲೇ ತೆಗೆದುಹಾಕುವುದು ಒಳ್ಳೆಯದು.

ಕೌನ್ಸೆಲರ್ ಅವರನ್ನು ಒಮ್ಮೆ ಖುದ್ದಾಗಿ ಭೇಟಿ ಮಾಡಿ ಬನ್ನಿ. ಅವರ ಕೋಣೆ ಎಲ್ಲಿದೆ, ಬಾಗಿಲಾಚೆ ಯಾರು ಕೂತಿರುತ್ತಾರೆ, ಮೊದಲ ದಿನ ಏನು ಕೇಳುತ್ತಾರೆ ಅಂತ ತಿಳಿದುಕೊಳ್ಳಿ. ಮುಂದೆ ವಿದ್ಯಾರ್ಥಿ "ಅಲ್ಲಿ ಏನ್ ಮಾಡ್ತಾರೆ ಮೇಡಂ?" ಅಂತ ಕೇಳಿದಾಗ ನೀವು ನೋಡಿ ಬಂದದ್ದನ್ನೇ ಹೇಳಬಹುದು.

ಹಂತ 2: ಬದಲಾವಣೆಯನ್ನು ನೋಡಿ

ಮೌನವಾಗಿರುವವರೆಲ್ಲ ನೊಂದವರಲ್ಲ. ನಗುವವರೆಲ್ಲ ಚೆನ್ನಾಗಿದ್ದಾರೆ ಅಂತಲೂ ಅಲ್ಲ. ಆದ್ದರಿಂದ ಸ್ವಭಾವ ನೋಡಬೇಡಿ, ಸ್ವಭಾವದಲ್ಲಿ ಆದ ಬದಲಾವಣೆ ನೋಡಿ. ಮುಂದಿನ ಬೆಂಚಿನ ಹುಡುಗಿ ಹಿಂದೆ ಹೋಗಿ ಕೂರಲು ಶುರು ಮಾಡಿದಳಾ? ಅಚ್ಚುಕಟ್ಟಾಗಿ ಬರೆಯುತ್ತಿದ್ದವನ ರೆಕಾರ್ಡ್ ಬುಕ್ ಅರ್ಧಕ್ಕೇ ನಿಂತಿದೆಯಾ? ಎಲ್ಲರ ಜೊತೆ ಊಟಕ್ಕೆ ಹೋಗುತ್ತಿದ್ದವರು ಈಗ ಆ ಹೊತ್ತಿಗೆ ಕಾಣೆಯಾಗುತ್ತಾರಾ?

ಒಬ್ಬೊಬ್ಬರ ಕಣ್ಣಿಗೆ ಬೀಳುವುದು ಬೇರೆ ಬೇರೆ. ಪಾಠ ಮಾಡುವವರಿಗೆ ಹಾಜರಾತಿ, ಅಂಕ, ತರಗತಿಯಲ್ಲಿ ನಿದ್ದೆ ಕಾಣುತ್ತದೆ. ಕಚೇರಿಯವರಿಗೆ ಶುಲ್ಕ ಬಾಕಿ, ಮತ್ತೆ ಮತ್ತೆ ಬರುವ ರಜೆ ಅರ್ಜಿ, ಇದ್ದಕ್ಕಿದ್ದಂತೆ ಟಿಸಿ ಕೇಳುವುದು ಕಾಣುತ್ತದೆ. ವಾರ್ಡನ್‌ಗೆ ರಾತ್ರಿ ಮೂರಕ್ಕೂ ಉರಿಯುವ ದೀಪ, ಮುಟ್ಟದ ತಟ್ಟೆ, ಬಟ್ಟೆ ಒಗೆಯದ ವಾರಗಳು ಗೊತ್ತಾಗುತ್ತವೆ. ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಬಿಡದವರು ಗಾಯ ಮುಚ್ಚಿಕೊಳ್ಳುತ್ತಿರಬಹುದು. ಅದಕ್ಕೆ ಬೇರೆ ಹತ್ತು ಕಾರಣ ಇರಲೂಬಹುದು. ಅದನ್ನೊಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ. ಆದರೆ ಕಂಡದ್ದನ್ನು ಮರೆಯಲೂಬೇಡಿ.

ಕೆಲವರಲ್ಲಿ ದುಃಖ ದುಃಖವಾಗಿ ಕಾಣುವುದೇ ಇಲ್ಲ. ಸಿಟ್ಟಾಗಿ ಬರುತ್ತದೆ. ಸಣ್ಣ ಮಾತಿಗೆ ಕೂಗಾಡುವುದು, ಗೆಳೆಯರ ಜೊತೆ ಜಗಳ, ಕುಡಿತ ಜಾಸ್ತಿಯಾಗುವುದು, ಗಾಡಿಯನ್ನು ಜೀವದ ಹಂಗಿಲ್ಲದಂತೆ ಓಡಿಸುವುದು. ಇಂಥವರು ಶಿಸ್ತು ಸಮಿತಿಯ ಮುಂದೆ ನಿಲ್ಲುತ್ತಾರೆ, ಕೌನ್ಸೆಲರ್ ಮುಂದೆ ಅಲ್ಲ. ಇನ್ನು ಕೆಲವರು ಮೈ ನೋವಿನ ಭಾಷೆಯಲ್ಲಿ ಹೇಳುತ್ತಾರೆ: ದಿನಾ ತಲೆನೋವು, ಹೊಟ್ಟೆನೋವು, ಎದೆ ಭಾರ. ವೈದ್ಯರ ಹತ್ತಿರ ತೋರಿಸಲಿ, ಅದು ಬೇಕೇ ಬೇಕು. ಜೊತೆಗೆ ಮನಸ್ಸು ಹೇಗಿದೆ ಅಂತಲೂ ಒಂದು ಮಾತು ಕೇಳಿ.

ಎಷ್ಟು ದಿನ ಕಾಯಬೇಕು? ಬೇಸರ, ಆಸಕ್ತಿ ಇಲ್ಲದಿರುವುದು, ನಿದ್ದೆ ಊಟದ ಏರುಪೇರು ಎರಡು ವಾರ ಬಿಡದೆ ಇದ್ದರೆ ಖಿನ್ನತೆ ಇರಬಹುದೇ ಅಂತ ವೈದ್ಯರು ಪರಿಶೀಲಿಸುತ್ತಾರೆ. ಆದರೆ ಅದು ರೋಗ ಗುರುತಿಸುವವರ ಲೆಕ್ಕ. ಮಾತನಾಡಿಸಲು ನಾವು ಎರಡು ವಾರ ಕಾಯಬೇಕಿಲ್ಲ.

ಕೆಲವು ಸುಳಿವುಗಳಿಗಂತೂ ಒಂದು ದಿನವೂ ಕಾಯಬಾರದು. "ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ" ಎನ್ನುವ ಮಾತು. ಇಷ್ಟದ ವಸ್ತುಗಳನ್ನು ಸುಮ್ನೆ ಹಂಚಿಬಿಡುವುದು. ಎಲ್ಲರಿಗೂ ಕ್ಷಮೆ ಕೇಳಿ ಮೆಸೇಜ್ ಹಾಕುವುದು. ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತವಾಗುವುದು. ಈ ಕೊನೆಯದನ್ನು ನೋಡಿ ನಮಗೆ ಸಮಾಧಾನ ಆಗಿಬಿಡುತ್ತದೆ. ನಿಜವಾಗಿ ಚೇತರಿಸಿಕೊಂಡಿರಬಹುದು, ಹೌದು. ಆದರೂ ಹತ್ತಿರ ಹೋಗಿ ಕೇಳಿ.

ಹಂತ 3: ಮಾತು ಶುರು ಮಾಡಿ

ಹೆಚ್ಚಿನವರು ನಿಲ್ಲುವುದು ಇಲ್ಲೇ. ಏನಾದರೂ ತಪ್ಪು ಮಾತಾಡಿಬಿಟ್ಟರೆ ಅಂತ ಭಯ. ಮಾತು ಚೆಂದವಾಗಿ ಇರಬೇಕಿಲ್ಲ, ನಿಜವಾಗಿ ಇದ್ದರೆ ಸಾಕು.

ಎಲ್ಲರೆದುರು ಕರೆಯಬೇಡಿ. "ಕ್ಲಾಸ್ ಮುಗಿದ ಮೇಲೆ ನನ್ನನ್ನು ಬಂದು ನೋಡು" ಅಂತ ಗಟ್ಟಿಯಾಗಿ ಹೇಳಿದರೆ ಅದು ಶಿಕ್ಷೆಯ ಹಾಗೆ ಕೇಳಿಸುತ್ತದೆ. ಕಾರಿಡಾರ್‌ನಲ್ಲಿ ಜೊತೆಗೆ ನಡೆಯುತ್ತಾ ಕೇಳಿ. ಎದುರುಬದುರು ಕೂತಾಗ ಬಾಯಿ ಬಿಡದವರು ಪಕ್ಕದಲ್ಲಿ ನಡೆಯುವಾಗ ಮಾತಾಡುತ್ತಾರೆ. ಕೋಣೆಯಲ್ಲೇ ಕೂರುವುದಾದರೆ ಮೇಜಿನ ಆಚೆ ಈಚೆ ಬೇಡ, ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಳ್ಳಿ. ಬಾಗಿಲು ಅರೆ ತೆರೆದಿರಲಿ, ಆದರೆ ಮಾತು ಹೊರಗೆ ಕೇಳದಷ್ಟು ದೂರ ಕೂರಿ. ಇದು ಇಬ್ಬರಿಗೂ ಕ್ಷೇಮ. ಫೋನ್ ಸೈಲೆಂಟ್ ಮಾಡಿ. ಅರ್ಧ ಗಂಟೆ ಬಿಡುವಿಲ್ಲದಿದ್ದರೆ, ತುರ್ತು ಇಲ್ಲ ಅಂತ ಖಾತ್ರಿ ಇದ್ದರೆ, "ಇವತ್ತು ಮೂರು ಗಂಟೆಗೆ ಕೂತು ಮಾತಾಡೋಣ್ವಾ?" ಅಂತ ಸಮಯ ಗೊತ್ತು ಮಾಡಿ. ಹೇಳಿದ ಮೇಲೆ ಆ ಹೊತ್ತಿಗೆ ಅಲ್ಲಿರಿ.

ಮೊದಲ ಮಾತಿನಲ್ಲಿ ನಿಮ್ಮ ಊಹೆ ಹೇಳಬೇಡಿ, ಕಂಡದ್ದನ್ನು ಹೇಳಿ. "ನಿನಗೆ ಡಿಪ್ರೆಶನ್ ಇರೋ ಹಾಗಿದೆ" ಎಂದರೆ ಬಾಗಿಲು ಮುಚ್ಚುತ್ತದೆ. "ಎರಡು ವಾರದಿಂದ ನೀನು ಒಬ್ಬನೇ ಕೂರ್ತಿದ್ದೀಯ. ಲ್ಯಾಬಿಗೂ ಬಂದಿಲ್ಲ. ನನಗೆ ನಿನ್ನ ಬಗ್ಗೆ ಚಿಂತೆ ಆಯ್ತು. ಹೇಗಿದ್ದೀಯ?" ಎಂದರೆ ತನ್ನನ್ನು ಯಾರೋ ನೋಡಿದ್ದಾರೆ ಅಂತ ಅವನಿಗೆ ತಿಳಿಯುತ್ತದೆ.

ಮೊದಲ ಉತ್ತರ ಬಹುಪಾಲು "ಏನಿಲ್ಲ ಸರ್, ಚೆನ್ನಾಗಿದ್ದೀನಿ". ಅದನ್ನು ಸುಳ್ಳು ಅಂತ ಹಿಡಿಯಲು ಹೋಗಬೇಡಿ. "ಸರಿ. ಈಗ ಹೇಳಬೇಕು ಅನ್ನಿಸದಿದ್ರೆ ಪರವಾಗಿಲ್ಲ. ಗುರುವಾರ ಮತ್ತೆ ಕೇಳ್ತೀನಿ" ಅನ್ನಿ. ಗುರುವಾರ ನಿಜವಾಗಿ ಕೇಳಿ. ನನ್ನ ಅನುಭವದಲ್ಲಿ ಬಾಯಿ ತೆರೆಸಿದ್ದು ಎರಡನೇ ಸಲದ ಪ್ರಶ್ನೆಯೇ. ಲೈಬ್ರರಿಯ ಆ ಹುಡುಗನೂ ಮೊದಲ ದಿನ ನನಗೆ ನಗು ತೋರಿಸಿ ಹೋದ. ಮೂರನೇ ದಿನ, ಇನ್ನೂ ನಾನು ಕೇಳುವ ಮೊದಲೇ, ಬಂದು ನಿಂತ.

ಹಂತ 4: ಕೇಳಿಸಿಕೊಳ್ಳಿ

ಮೇಷ್ಟ್ರುಗಳಿಗೆ ಇದು ಕಷ್ಟ. ಪ್ರಶ್ನೆ ಬಂದರೆ ಉತ್ತರ ಕೊಟ್ಟೇ ಅಭ್ಯಾಸ. ಇಲ್ಲಿ ಉತ್ತರ ತಡೆದುಕೊಳ್ಳಬೇಕು. ಮೌನ ಬಂದರೆ ಬರಲಿ. ಅವರು ಅಳುತ್ತಿದ್ದರೆ ಅಳಲು ಬಿಡಿ, ನೀರು ಹತ್ತಿರ ಇಡಿ. ಮುಟ್ಟಿ ಸಮಾಧಾನ ಮಾಡುವ ಮುಂಚೆ ಅವರಿಗೆ ಅದು ಬೇಕಾ ಅಂತ ಯೋಚಿಸಿ. ಬೇಡ ಎನ್ನಲು ಆಗದ ಸ್ಥಿತಿಯಲ್ಲಿ ಅವರಿರುತ್ತಾರೆ.

"ಇಷ್ಟಕ್ಕೆಲ್ಲ ಅಳ್ತಾರಾ", "ನಿನಗಿಂತ ಕಷ್ಟದಲ್ಲಿ ಇರೋರನ್ನು ನೋಡು", "ನಮ್ಮ ಕಾಲದಲ್ಲಿ ನಾವೂ ಇದೆಲ್ಲ ದಾಟಿ ಬಂದಿದ್ದೀವಿ", "ಧೈರ್ಯ ತಂದ್ಕೋ", "ಅಪ್ಪ ಅಮ್ಮನ ಮುಖ ನೆನಪಿಸ್ಕೋ". ಈ ಮಾತುಗಳನ್ನು ನಾವು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಕೇಳುವವರಿಗೆ ಮಾತ್ರ ನೋವಿನ ಮೇಲೆ ನಾಚಿಕೆಯೂ ಸೇರುತ್ತದೆ. ಕೊನೆಯ ಮಾತಂತೂ ಆಗಲೇ ಮನೆಯವರಿಗೆ ಹೊರೆ ಅಂತ ಅಂದುಕೊಂಡವರ ಮೇಲೆ ಇನ್ನೊಂದು ಹೊರೆ ಹೇರುತ್ತದೆ.

ಬದಲಿಗೆ ಅವರು ಹೇಳಿದ್ದನ್ನು ಅವರಿಗೇ ವಾಪಸ್ ಹೇಳಿ. "ಅಂದ್ರೆ ಪುಸ್ತಕ ತೆಗೆದ ತಕ್ಷಣ ಎದೆ ಬಿಗಿಯುತ್ತೆ, ಹಾಗಾಗಿ ತೆಗೆಯೋದೇ ಬಿಟ್ಟಿದ್ದೀಯ, ಅಲ್ವಾ?" ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಆ ತಿದ್ದುವಿಕೆಯಲ್ಲೇ ಅಸಲಿ ವಿಷಯ ಹೊರಬರುತ್ತದೆ. "ಇದನ್ನು ಹೇಳಿದ್ದು ಒಳ್ಳೇದಾಯ್ತು" ಎಂಬ ಒಂದು ಮಾತು ಇರಲಿ.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅಂತ ಕೇಳಿದರೆ? ಮಾತು ಕೊಡಬೇಡಿ. "ನೀನು ಹೇಳಿದ್ದನ್ನು ಸುಮ್ನೆ ಯಾರ ಹತ್ರನೂ ಮಾತಾಡಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಸಹಾಯ ಮಾಡೋರಿಗೆ ಹೇಳಲೇಬೇಕಾಗುತ್ತೆ. ಹಾಗೆ ಮಾಡುವ ಮೊದಲು ನಿನಗೆ ತಿಳಿಸ್ತೀನಿ" ಎಂದು ಮೊದಲೇ ಹೇಳಿ. ಆಮೇಲೆ ಮಾತು ಮುರಿದರೆ ಮುಂದೆ ಯಾರನ್ನೂ ಅವರು ನಂಬುವುದಿಲ್ಲ.

ಹಂತ 5: ಸಾವಿನ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಎಲ್ಲ ಕಾಲೇಜಿನಲ್ಲೂ ಇದೆ. ನನಗೂ ಇತ್ತು. ಮ್ಯಾಡೆಲಿನ್ ಗೌಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಎರಡು ದಿನದ ನಂತರ ನೋಡಿದರೆ, ಪ್ರಶ್ನೆ ಎದುರಿಸಿದವರಲ್ಲಿ ಸಂಕಟವಾಗಲಿ ಸಾಯುವ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಪ್ರಶ್ನೆ ಎದುರಿಸಿದವರ ಪೈಕಿ ಮೊದಲೇ ಖಿನ್ನತೆಯ ಲಕ್ಷಣ ಇದ್ದವರಲ್ಲಿ ಸಂಕಟ, ಹಿಂದೆ ಪ್ರಯತ್ನಿಸಿದ್ದವರಲ್ಲಿ ಸಾಯುವ ಯೋಚನೆ, ಪ್ರಶ್ನೆ ಎದುರಿಸದ ಅಂಥವರಿಗಿಂತ ಕಡಿಮೆಯೇ ಇತ್ತು. 2005ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಕೇಳದಿರುವುದರ ಬೆಲೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಲ್ಲಿ 15ರಿಂದ 29 ವಯಸ್ಸಿನವರ ಸಾವಿಗೆ ಆತ್ಮಹತ್ಯೆ ಮೂರನೇ ದೊಡ್ಡ ಕಾರಣ.

ಕೇಳುವ ರೀತಿ ಮುಖ್ಯ. "ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?" ಅಂದರೆ ಇಲ್ಲ ಎನ್ನುವುದನ್ನು ನಾವೇ ಅವರ ಬಾಯಿಗೆ ತುರುಕಿದ ಹಾಗೆ. ದನಿ ತಗ್ಗಿಸಿ, ನಿಧಾನವಾಗಿ ಹೀಗೆ ಕೇಳಿ: "ಇಷ್ಟು ಕಷ್ಟ ಆದಾಗ ಕೆಲವರಿಗೆ ಸಾಯಬೇಕು ಅನ್ನಿಸುತ್ತೆ. ನಿನಗೆ ಹಾಗೆ ಅನ್ನಿಸಿದೆಯಾ?" ಹೌದು ಎಂದರೆ ಗಾಬರಿ ತೋರಿಸಬೇಡಿ, ಬೈಯಬೇಡಿ, ಪಾಪ ಪುಣ್ಯದ ವಿಷಯ ತೆಗೆಯಬೇಡಿ. "ಹೇಳಿದ್ದು ಒಳ್ಳೇದಾಯ್ತು. ನಾನು ಇಲ್ಲೇ ಇದ್ದೀನಿ" ಅನ್ನಿ. ಆಮೇಲೆ ಮುಂದಿನ ಪ್ರಶ್ನೆಗಳು: ಹೇಗೆ ಎಂದು ಯೋಚಿಸಿದ್ದಾರಾ? ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ? ಇಂಥ ದಿನ ಅಂತ ಅಂದುಕೊಂಡಿದ್ದಾರಾ? ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದರಾ? ಉತ್ತರ ನಿಮಗೆ ಯಾಕೆ ಬೇಕು ಎಂದರೆ, ಮುಂದಿನ ಹಂತದಲ್ಲಿ ಎಷ್ಟು ಬೇಗ ಕಾಲು ಹಾಕಬೇಕು ಅಂತ ಅದೇ ಹೇಳುತ್ತದೆ.

ಹಂತ 6: ಈಗಲಾ, ಇವತ್ತಾ, ಈ ವಾರವಾ

ಯೋಜನೆ ಇದೆ, ಸಾಧನ ಹತ್ತಿರ ಇದೆ, ಅಥವಾ ಈಗಾಗಲೇ ಏನಾದರೂ ಸೇವಿಸಿದ್ದಾರೆ, ಗಾಯ ಮಾಡಿಕೊಂಡಿದ್ದಾರೆ ಎಂದಾದರೆ ಅದು ಈಗಲೇ. ಒಂದು ನಿಮಿಷವೂ ಒಬ್ಬರನ್ನೇ ಬಿಡಬೇಡಿ, ಶೌಚಾಲಯಕ್ಕೆ ಹೋದರೂ ಬಾಗಿಲಾಚೆ ಯಾರಾದರೂ ಇರಲಿ. ತುರ್ತು ಸೇವೆಗೆ ಕರೆ ಮಾಡಿ, ಇಲ್ಲವೇ ನೀವೇ ಇನ್ನೊಬ್ಬರ ಜೊತೆ ಸೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನಾದರೂ ಸೇವಿಸಿದ್ದರೆ ಅವರು ಚೆನ್ನಾಗಿ ಕಂಡರೂ ಹೊರಡಿ. ಕೆಲವು ವಿಷಗಳ, ಮಾತ್ರೆಗಳ ಪರಿಣಾಮ ತಡವಾಗಿ ಕಾಣಿಸುತ್ತದೆ.

ಅಪಾಯದ ವಸ್ತು ಕೋಣೆಯಲ್ಲಿದ್ದರೆ ಅದನ್ನು ದೂರ ಮಾಡಿಸಿ. ಸಾಯಬೇಕೆಂಬ ತೀವ್ರ ಒತ್ತಡ ಅಲೆಯ ಹಾಗೆ ಏರಿ ಇಳಿಯುತ್ತದೆ. ಆ ಹೊತ್ತಲ್ಲಿ ಸಾಧನ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಹಾಸ್ಟೆಲ್‌ನಲ್ಲಿ ಕೀಟನಾಶಕ, ಲ್ಯಾಬಿನ ರಾಸಾಯನಿಕ, ತಾರಸಿಯ ಬಾಗಿಲು, ಇವಕ್ಕೆಲ್ಲ ಬೀಗ ಇರಬೇಕು ಎನ್ನುವುದು ಇದೇ ಕಾರಣಕ್ಕೆ. ಇದನ್ನು ಯಾರೋ ಕಷ್ಟದಲ್ಲಿದ್ದಾಗ ಅಲ್ಲ, ವರ್ಷವಿಡೀ ನೋಡಿಕೊಳ್ಳಬೇಕು.

ಸಾಯುವ ಯೋಚನೆ ಬರುತ್ತದೆ, ಆದರೆ ಯೋಜನೆ ಇಲ್ಲ ಎಂದರೆ ಇವತ್ತೇ ಕೌನ್ಸೆಲರ್ ಅಥವಾ ವೈದ್ಯರ ಹತ್ತಿರ ಕರೆದೊಯ್ಯಿರಿ. ರಾತ್ರಿ ಯಾರ ಜೊತೆ ಇರುತ್ತಾರೆ ಎಂದು ತೀರ್ಮಾನಿಸಿಯೇ ಬಿಡಿ. ಅಂಥ ಯೋಚನೆ ಇಲ್ಲ, ಆದರೆ ಓದು ಊಟ ನಿದ್ದೆ ಕೆಟ್ಟಿದೆ ಎಂದರೆ ಈ ವಾರದೊಳಗೆ ಭೇಟಿ ಆಗಲಿ. ಯಾವುದೆಂದು ಗೊಂದಲವಾದರೆ ಹೆಚ್ಚು ಅಪಾಯದ್ದೇ ಅಂತ ತಿಳಿದು ನಡೆಯಿರಿ, ಕೌನ್ಸೆಲರ್‌ಗೆ ಫೋನ್ ಮಾಡಿ ಕೇಳಿ.

ಹಂತ 7: ಜೊತೆಗೆ ನಡೆದು ಹೋಗಿ

"ಕೌನ್ಸೆಲರ್ ಹತ್ರ ಹೋಗು" ಎಂದು ಹೇಳಿ ಕಳಿಸಿದರೆ ಬಹಳ ಜನ ಹೋಗುವುದೇ ಇಲ್ಲ. ದಾರಿಯಲ್ಲಿ ಗೆಳೆಯರು ಸಿಗುತ್ತಾರೆ, ನಾಚಿಕೆ ಆಗುತ್ತದೆ, ಬಾಗಿಲು ಮುಚ್ಚಿರುತ್ತದೆ. ಅದಕ್ಕೇ ಅವರ ಎದುರಿಗೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ಜೊತೆಗೆ ಹೋಗಿ. ಪರಿಚಯ ಮಾಡಿಸಿ. ಬೇಕಾದರೆ ಹೊರಗೆ ಕೂತಿರಿ. ಈ ಹತ್ತು ನಿಮಿಷದ ನಡಿಗೆ ನೀವು ಕೊಡಬಹುದಾದ ಎಲ್ಲ ಬುದ್ಧಿಮಾತಿಗಿಂತ ದೊಡ್ಡದು ಅಂತ ನಾನು ನಂಬುತ್ತೇನೆ.

"ನಾನೇನು ಹುಚ್ಚನಾ?" ಅಂತ ಕೇಳಿದರೆ, "ಅಲ್ಲ. ಜ್ವರ ವಾರವಾದ್ರೂ ಬಿಡದಿದ್ರೆ ಡಾಕ್ಟರ್ ಹತ್ರ ಹೋಗ್ತೀವಲ್ಲ, ಇದೂ ಹಾಗೇ" ಅನ್ನಿ. ಬೇಡ ಎಂದರೆ, ಅಪಾಯವಿಲ್ಲದಿದ್ದರೆ, ಒತ್ತಾಯ ಬೇಡ. ಅವರು ನಂಬುವ ಬೇರೆ ಯಾರಾದರೂ ಇದ್ದಾರಾ ಕೇಳಿ.

ಮನೆಯವರಿಗೆ ಹೇಳಬೇಕಾ? ಜೀವಕ್ಕೆ ಅಪಾಯ ಇದ್ದರೆ, ಕಾಲೇಜಿನ ನಿಯಮದ ಪ್ರಕಾರ, ಹೇಳಬೇಕಾಗುತ್ತದೆ. ಉಳಿದಂತೆ ಮೊದಲು ವಿದ್ಯಾರ್ಥಿಯನ್ನು ಕೇಳಿ. ಕೆಲವೊಮ್ಮೆ ಹೊಡೆತ, ಬಲವಂತದ ಮದುವೆ, ದುಡ್ಡಿನ ಜಗಳ ಅಂತ ನೋವಿನ ಬೇರು ಮನೆಯಲ್ಲೇ ಇರುತ್ತದೆ. ಆಗ ಮನೆಯಲ್ಲಿ ಯಾರಿಗೆ ಹೇಳಿದರೆ ಕ್ಷೇಮ ಅಂತ ಅವರಿಗೇ ಗೊತ್ತಿರುತ್ತದೆ. ಕರೆ ಮಾಡುವಾಗ ವಿದ್ಯಾರ್ಥಿ ಪಕ್ಕದಲ್ಲಿರಲಿ. "ನಿಮ್ಮ ಮಗಳು ಕಷ್ಟದಲ್ಲಿದ್ದಾಳೆ, ಅವಳಿಗೆ ಈಗ ನಿಮ್ಮ ಆಸರೆ ಬೇಕು" ಎಂದು ಶುರು ಮಾಡಿ. ಅಂಕ, ಹಾಜರಾತಿ ಆಮೇಲೆ.

ಕೆಲವು ಇಕ್ಕಟ್ಟಿನ ಗಳಿಗೆಗಳು

ಪರೀಕ್ಷಾ ಕೊಠಡಿಯಲ್ಲಿ ಒಬ್ಬಳಿಗೆ ಉಸಿರು ಸಿಗದಂತಾಗಿ ಕೈ ನಡುಗಿದರೆ ಅದು ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಏರುವ ತೀವ್ರ ಭಯ, ಇರಬಹುದು. ಹೊರಗೆ ಕರೆದುಕೊಂಡು ಹೋಗಿ ಕೂರಿಸಿ. ಉಸಿರು ಒಳಗೆಳೆಯುವುದಕ್ಕಿಂತ ಬಿಡುವುದು ನಿಧಾನವಾಗಲಿ, ನೀವೂ ಜೊತೆಗೆ ಮಾಡಿ. ಕಾಲು ನೆಲಕ್ಕೆ ಒತ್ತಲು ಹೇಳಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತೀವ್ರತೆ ತುದಿಗೇರಿ ಇಳಿಯತೊಡಗುತ್ತದೆ. ಎದೆನೋವು ಇದ್ದರೆ, ಪ್ರಜ್ಞೆ ತಪ್ಪಿದರೆ, ಅಥವಾ ಇದೇ ಮೊದಲ ಸಲವಾದರೆ ವೈದ್ಯರಿಗೆ ತೋರಿಸಿ.

ಮಧ್ಯರಾತ್ರಿ ವಿದ್ಯಾರ್ಥಿಯಿಂದ ವಿದಾಯದಂಥ ಮೆಸೇಜ್ ಬಂದರೆ ಮೆಸೇಜಿನಲ್ಲೇ ಉತ್ತರಿಸುತ್ತಾ ಕೂರಬೇಡಿ. ಕರೆ ಮಾಡಿ. ಎಲ್ಲಿದ್ದಾರೆ, ಜೊತೆಗೆ ಯಾರಿದ್ದಾರೆ ಕೇಳಿ. ಇನ್ನೊಂದು ಫೋನಿನಿಂದ ವಾರ್ಡನ್‌ಗೆ, ರೂಮ್‌ಮೇಟ್‌ಗೆ, ತುರ್ತು ಸೇವೆಗೆ ತಿಳಿಸಿ. ಸುಳ್ಳು ಗಾಬರಿ ಆಗಿದ್ದರೂ ಏನೂ ನಷ್ಟವಿಲ್ಲ.

ಗೆಳೆಯರು ಬಂದು "ಇವನ ಬಗ್ಗೆ ಭಯ ಆಗ್ತಿದೆ" ಎಂದರೆ ಅವರನ್ನು ನಂಬಿ. ಜವಾಬ್ದಾರಿ ಮಾತ್ರ ಅವರ ಹೆಗಲಿಗೆ ಬಿಡಬೇಡಿ. ರಾತ್ರಿಯಿಡೀ ಕಾವಲು ಕೂತ ರೂಮ್‌ಮೇಟ್‌ಗೂ ನಿದ್ದೆ ಬೇಕು.

ಹಂತ 8: ಆಮೇಲೆ ಮರೆಯಬೇಡಿ

ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಮತ್ತು ಸಂಗಡಿಗರು ಮಾಡಿದ ಕೆಲಸವೊಂದು ನನಗೆ ಬಹಳ ಇಷ್ಟ. ತುರ್ತು ವಿಭಾಗಕ್ಕೆ ಬಂದವರ ಜೊತೆ ಕೂತು ಒಂದು ಸುರಕ್ಷತಾ ಯೋಜನೆ ಬರೆದರು: ಕಷ್ಟ ಏರುವ ಸೂಚನೆ ಏನು, ಆಗ ನಾನೇ ಏನು ಮಾಡಬಲ್ಲೆ, ಯಾರ ಜೊತೆ ಇರಬಲ್ಲೆ, ಯಾರಿಗೆ ಕರೆ ಮಾಡುತ್ತೇನೆ. ಮನೆಗೆ ಹೋದ ಮೇಲೆ ಫೋನ್ ಮಾಡಿ ವಿಚಾರಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಇದು ಸಿಗದವರಿಗೆ ಹೋಲಿಸಿದರೆ ಇವರಲ್ಲಿ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ 45% ಕಡಿಮೆ ಇತ್ತು. ಆ ಯೋಜನೆಯನ್ನು ಬರೆಸುವುದು ಕೌನ್ಸೆಲರ್ ಕೆಲಸ. ವಿಚಾರಿಸುವುದು ನಮ್ಮಿಂದಲೂ ಆಗುತ್ತದೆ.

ಮರುದಿನ, ಮುಂದಿನ ವಾರ, ಒಂದು ತಿಂಗಳ ನಂತರ ಒಂದು ಮಾತು ಕೇಳಿ. ಕಾಯಿಲೆಯ ಬಗ್ಗೆಯೇ ಕೇಳಬೇಕಿಲ್ಲ. "ಬಂದ್ಯಾ, ಒಳ್ಳೇದಾಯ್ತು" ಎಂದರೂ ಸಾಕು. ಬಾಕಿ ಉಳಿದ ಅಸೈನ್‌ಮೆಂಟ್, ಹಾಜರಾತಿ, ಮರುಪರೀಕ್ಷೆಗೆ ಏನು ದಾರಿ ಇದೆ ಅಂತ ನೀವೇ ಹೋಗಿ ತಿಳಿದುಕೊಂಡು ಬನ್ನಿ. ಗುಣವಾಗುತ್ತಿರುವವರನ್ನು ಐದು ಕೌಂಟರ್‌ಗಳಿಗೆ ಅಲೆದಾಡಿಸಿದರೆ ಮತ್ತೆ ಕುಸಿಯುತ್ತಾರೆ.

ನಡೆದದ್ದನ್ನು ಚಿಕ್ಕದಾಗಿ ಬರೆದಿಡಿ: ದಿನ, ಹೊತ್ತು, ಅವರು ಹೇಳಿದ ಮಾತು, ನೀವು ಮಾಡಿದ್ದು. ನಿಮ್ಮ ಅಭಿಪ್ರಾಯ ಬೇಡ. ಬೀಗದೊಳಗಿರಲಿ. ಸ್ಟಾಫ್ ರೂಮಿನಲ್ಲಿ ಇದು ಮಾತಿನ ವಿಷಯ ಆಗಲೇಬಾರದು.

ಹಂತ 9: ನಿಮ್ಮನ್ನೂ ನೋಡಿಕೊಳ್ಳಿ

ಇಂಥ ಮಾತು ಕೇಳಿದ ರಾತ್ರಿ ನಿದ್ದೆ ಬರುವುದಿಲ್ಲ. ಅದು ಸಹಜ. ಹೆಸರು ಹೇಳದೆ ಕೌನ್ಸೆಲರ್ ಹತ್ತಿರ ನೀವೂ ಮಾತಾಡಿ. ಒಬ್ಬ ವಿದ್ಯಾರ್ಥಿ ದಿನಕ್ಕೆ ಹತ್ತು ಸಲ ಕರೆ ಮಾಡತೊಡಗಿದರೆ, ಯಾವ ಹೊತ್ತಿಗೆ ಸಿಗುತ್ತೀರಿ, ಉಳಿದ ಹೊತ್ತು ಯಾರು ಸಿಗುತ್ತಾರೆ ಎಂದು ಪ್ರೀತಿಯಿಂದ, ಸ್ಪಷ್ಟವಾಗಿ ಹೇಳಿ. ಎಲ್ಲ ಸರಿ ಮಾಡಿದರೂ ಕೆಲವೊಮ್ಮೆ ಒಂದು ಜೀವ ಉಳಿಯುವುದಿಲ್ಲ. ಹಾಗಾದಾಗ ಸಿಬ್ಬಂದಿಗೂ ಆಸರೆ ಬೇಕು, ತಪ್ಪು ಹುಡುಕುವ ಸಭೆ ಅಲ್ಲ.

ಮೊದಲ ಹಂತದ ಆ ಹಾಳೆಯನ್ನು ಇನ್ನೊಮ್ಮೆ ತೆಗೆಯಿರಿ. ಕೆಳಗೆ ಒಂದು ಸಾಲು ಬಿಡಿ. ನಿಮಗೇ ಕಷ್ಟವಾದ ದಿನ ನೀವು ಯಾರಿಗೆ ಕರೆ ಮಾಡುತ್ತೀರೋ ಅವರ ಹೆಸರನ್ನು ಅಲ್ಲಿ ಬರೆಯಿರಿ.